ಶ್ರೀಮುದ್ರೆ: ಹೂವಿಗಿಂತ ಕಾಯಿಯೇ ಗುರುತು

ರಸ್ತೆ ಬದಿ, ಹೊಲದ ಬದು, ಹುಲ್ಲುಗಾವಲು, ಖಾಲಿ ನಿವೇಶನ - ಇಲ್ಲೆಲ್ಲ ಹಳದಿ ಹೂ ಬಿಡುವ ಕಾಡುಗಿಡಗಳು ಹತ್ತಾರು. ಅವುಗಳ ನಡುವೆ ಶ್ರೀಮುದ್ರೆಯನ್ನು ಗುರುತಿಸುವುದು ಹೇಗೆ? ಬೆಳಿಗ್ಗೆ ಶಾಲೆಗೆ ಹೋಗುವಾಗ ಅದರ ಹೂವನ್ನು ಹುಡುಕಿದರೆ ಪ್ರಯೋಜನವಿಲ್ಲ. ಅದು ಅರಳುವುದು ಮಧ್ಯಾಹ್ನ ಕಳೆದ ಮೇಲೆ. ಕಾಯಿಯಾದರೋ ಇಡೀ ದಿನ ಕಾಣುತ್ತದೆ.

ಶ್ರೀಮುದ್ರೆಯ ವೈಜ್ಞಾನಿಕ ಹೆಸರು ಅಬುಟಿಲಾನ್ ಇಂಡಿಕಮ್. ದಾಸವಾಳ, ಹತ್ತಿ, ಬೆಂಡೆಗಳಿರುವ ಮಾಲ್ವೇಸಿ ಕುಟುಂಬದ ಬಹುವಾರ್ಷಿಕ ಸಸ್ಯವಿದು. ಸಾಮಾನ್ಯವಾಗಿ ಒಂದರಿಂದ ಎರಡು ಮೀಟರ್ ಎತ್ತರ ಬೆಳೆಯುತ್ತದೆ. ಎಲೆ ಹೃದಯದ ಆಕಾರ. ಅಂಚು ಹಲ್ಲು ಹಲ್ಲು. ಮೈತುಂಬ ನವಿರಾದ ರೋಮಗಳಿರುವುದರಿಂದ ಮುಟ್ಟಿದರೆ ಮಖಮಲ್ಲಿನಂತೆ ಮೆತ್ತಗಿರುತ್ತದೆ. ಎಲೆಯ ಕಂಕುಳಲ್ಲಿ ಉದ್ದ ತೊಟ್ಟಿನ ಒಂಟಿ ಹೂವು. ಐದು ಹಳದಿ ದಳಗಳ ನಡುವೆ ಕೇಸರಗಳು ಕೊಳವೆಯಂತೆ ಕೂಡಿಕೊಂಡಿರುತ್ತವೆ. ದಾಸವಾಳದ ಹೂವಿನಲ್ಲಿ ಕಾಣುವುದೂ ಇದೇ ಕೊಳವೆ.

ಕಾಯಿ ಚಪ್ಪಟೆಯಾದ ಪುಟ್ಟ ಗಾಲಿಯಂತಿದೆ. ಹದಿನೈದು ಇಪ್ಪತ್ತು ಹೋಳುಗಳು ವೃತ್ತಾಕಾರವಾಗಿ ಒತ್ತೊತ್ತಾಗಿ ಜೋಡಿಸಿರುತ್ತವೆ. ಒಣಗಿದ ಮೇಲೆ ಕಪ್ಪಗಾಗಿ ಗಿಡದಲ್ಲೇ ಉಳಿಯುತ್ತದೆ. ಹಸಿ ಕಾಯಿಯನ್ನು ಮೆದು ಜೇಡಿಮಣ್ಣಿಗೆ ಒತ್ತಿದರೆ ಚಕ್ರದ ಅಚ್ಚು ಮೂಡುತ್ತದೆ. ಮುದ್ರೆಯೆಂಬ ಹೆಸರು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ.

ಇದರ ಜೊತೆ ಗೊಂದಲವಾಗುವುದು ಸೈಡಾ ಕಾರ್ಡಿಫೋಲಿಯ ಎಂಬ ಗಿಡ. ಅದರ ಎಲೆಯೂ ಹೃದಯಾಕಾರ, ಹೂವೂ ಹಳದಿ. ಸಸ್ಯಗಳ ಹೆಸರಿಗೆ ಕ್ರಮ ತಂದ ಲಿನೇಯಸ್ ಕೂಡ ಶ್ರೀಮುದ್ರೆಯನ್ನು ಮೊದಲು ಸೈಡಾ ಕುಲಕ್ಕೇ ಸೇರಿಸಿದ್ದ! ಆದರೆ ಸೈಡಾದ ಹೂವು ಚಿಕ್ಕದು, ಬಣ್ಣ ತೆಳು. ಕಾಯಿಯ ಹೋಳುಗಳು ಹತ್ತರ ಆಸುಪಾಸು. ಪ್ರತಿ ಹೋಳಿನ ತುದಿಯಲ್ಲಿ ಎರಡು ಮುಳ್ಳುಕೂದಲು, ಒಳಗೆ ಒಂದೇ ಬೀಜ. ಶ್ರೀಮುದ್ರೆಯ ಹೋಳಿನಲ್ಲಿ ಎರಡು ಮೂರು ಬೀಜಗಳಿರುತ್ತವೆ.

ಈ ವ್ಯತ್ಯಾಸ ಪರೀಕ್ಷೆಯ ಅಂಕಕ್ಕಷ್ಟೇ ಅಲ್ಲ. ಆಯುರ್ವೇದದಲ್ಲಿ ಸೈಡಾ 'ಬಲ', ಶ್ರೀಮುದ್ರೆ 'ಅತಿಬಲ'. ಹೆಸರು ಹತ್ತಿರವಾದರೂ ಮದ್ದು ಬೇರೆ. ಸೈಡಾದಲ್ಲಿ ಎಫೆಡ್ರಿನ್ ಎಂಬ ರಾಸಾಯನಿಕ ಇದೆಯೆಂದು ವರದಿಯಾಗಿದೆ. ಅದು ಎದೆಬಡಿತವನ್ನೂ ರಕ್ತದೊತ್ತಡವನ್ನೂ ಏರಿಸಬಲ್ಲದು. ಆದ್ದರಿಂದ ಹೂವಿನ ಬಣ್ಣ ನೋಡಿ ಗಿಡ ಕಿತ್ತು ತಂದು ಮನೆಮದ್ದು ಮಾಡುವುದು ಸಲ್ಲದು.

ಮಕ್ಕಳು ಸಂಜೆ ದೊಡ್ಡವರ ಜೊತೆ ಹೋಗಿ ಎರಡೂ ಗಿಡಗಳನ್ನು ಹುಡುಕಲಿ. ಒಣಗಿದ ಒಂದೊಂದು ಕಾಯಿ ತಂದು, ಕಾಗದದ ಮೇಲೆ ಬಿಡಿಸಿ, ಹೋಳು ಎಷ್ಟು, ಬೀಜ ಎಷ್ಟು ಎಂದು ಎಣಿಸಲಿ. ಒಮ್ಮೆ ಎಣಿಸಿದವರು ಮತ್ತೆ ಇವೆರಡನ್ನು ಒಂದೆನ್ನಲಾರರು.