ಎರಡು ಹಣ್ಣುಗಳ ತೂಕ

ಪರದೇಶದ ದಬ್ಬಾಳಿಕೆಯನ್ನು ಖಂಡಿಸುವ ಭಾಷಣಕ್ಕೆ ವೆಚ್ಚ ಕಡಿಮೆ. ವೆಚ್ಚ ತೆತ್ತವರೂ ಉಂಟು.

1984ರ ಜುಲೈ 19. ಐರ್ಲೆಂಡಿನ ಡಬ್ಲಿನ್ ನಗರದ ದೊಡ್ಡ ಅಂಗಡಿಯೊಂದರಲ್ಲಿ ಗಲ್ಲಾಪೆಟ್ಟಿಗೆಯ ಬಳಿ ಇದ್ದ 21ರ ತರುಣಿ ಮೇರಿ ಮ್ಯಾನಿಂಗ್, ಗಿರಾಕಿಯೊಬ್ಬರು ತಂದ ಎರಡು ಗ್ರೇಪ್‌ಫ್ರೂಟ್ ಹಣ್ಣುಗಳಿಗೆ ಲೆಕ್ಕ ಬರೆಯಲೊಪ್ಪಲಿಲ್ಲ. ಅವು ವರ್ಣಭೇದ ನೀತಿಯ ದಕ್ಷಿಣ ಆಫ್ರಿಕದಿಂದ ಬಂದವು. ಆ ದೇಶದ ಸರಕನ್ನು ಮುಟ್ಟಬಾರದೆಂಬುದು ಆಕೆಯ ಕಾರ್ಮಿಕ ಸಂಘದ ನಿರ್ಣಯ. ಒಡನೆಯೇ ಆಕೆಯನ್ನು ಅಮಾನತುಗೊಳಿಸಲಾಯಿತು. ಸಂಗಡಿಗರು ಕೆಲವರು ಹಿಂದೆಯೇ ಹೊರನಡೆದರು. ಸಂಘವು ಕೊಟ್ಟ ಅಲ್ಪ ಭತ್ಯದ ಮೇಲೆ ಮುಷ್ಕರವು ಎರಡೂವರೆ ವರ್ಷಕ್ಕೂ ಮೀರಿ ನಡೆಯಿತು.

1987ರಲ್ಲಿ ಐರಿಷ್ ಸರಕಾರವು ದಕ್ಷಿಣ ಆಫ್ರಿಕದ ಹಣ್ಣು ತರಕಾರಿಗಳ ಆಮದನ್ನೇ ನಿಷೇಧಿಸಿತು. ಪ್ರಜೆ ಮುಂದೆ ನಡೆದಳು; ಪ್ರಭುತ್ವವು ತಡವಾಗಿಯಾದರೂ ಹಿಂಬಾಲಿಸಿತು.