ಬೀಗದ ಕೈ ಯಾರ ಬಳಿ?

ಬೆಂಗಳೂರಿಗೆ ವಿಮಾನ ಕಾರ್ಖಾನೆ ಬಂದದ್ದು 1940ರಲ್ಲಿ. ವಿಮಾನಪುರ ಎಂಬ ಹೆಸರು ಅದರ ಬೆನ್ನಿಗೆ ಬಂತು. ಪಕ್ಕದ ವಿಭೂತಿಪುರಕ್ಕೆ ಅದಕ್ಕಿಂತ ಆರು ಶತಮಾನದ ಹಿರಿತನ. ಕಾಡು ಕಡಿದು, ನೆಲ ಹಸನು ಮಾಡಿ, ಊರು ಕಟ್ಟಿ, ಕೆರೆ ಮಾಡಿಸಿದ ಸಂಗತಿಯನ್ನು ಹೊಯ್ಸಳ ಮುಮ್ಮಡಿ ಬಲ್ಲಾಳನ ಕಾಲದ 1307ರ ತಮಿಳು ಶಾಸನ ಹೇಳುತ್ತದೆ.

ಬೆಂಗಳೂರು ಸೀಮೆಯ ಇಂಥ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟವಾಗಿ ಅಚ್ಚು ಹಾಕಿಸಿದರು. ಅವುಗಳಲ್ಲಿ ಎಷ್ಟೋ ಕಲ್ಲುಗಳು ಆಮೇಲೆ ಪಾಯಕ್ಕೂ ರಸ್ತೆಗೂ ಬಲಿಯಾದವು. ಉಳಿದವನ್ನು ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ 3ಡಿ ಸ್ಕ್ಯಾನ್ ಮಾಡುತ್ತಿದೆ. ಸ್ಕ್ಯಾನರ್ ಅಳೆಯುವುದು ಅಕ್ಷರದ ಆಳವನ್ನು. ಹಾಗಾಗಿ ಮಳೆ ಬಿಸಿಲಿಗೆ ಸವೆದು ಕಣ್ಣಿಗೆ ಹತ್ತದ ಸಾಲೂ ಪರದೆಯ ಮೇಲೆ ಎದ್ದು ಬರುತ್ತದೆ. ಶಾಸನ ಬರೆಸಿದ್ದೇ ನಾಲ್ಕು ಜನ ಓದಲೆಂದು. ಅದನ್ನು ಎಷ್ಟು ಹಂಚಿದರೂ ಒಳ್ಳೆಯದೇ, ಅರ್ಥದೊಂದಿಗೆ ಆ ಊರಿನ ಶಾಲೆಗೆ ಮೊದಲು ತಲುಪಿದರೆ ಇನ್ನೂ ಒಳ್ಳೆಯದು.

ಎಲ್ಲ ಪರಂಪರೆಯೂ ಹಾಗಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕುಲಕುಲಕ್ಕೂ ತನ್ನದೇ ಎಲ್ಲೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳು. ಹಿರಿಯರು ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರ ಜತೆ ಕಾಡಿನಲ್ಲಿ ನಡೆದು, ಅವನ್ನು ಜಿಪಿಎಸ್ ಹಿಡಿದು ನಕ್ಷೆಗಿಳಿಸಿದರು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಪಡೆದ ಜನಕ್ಕೆ ಆ ನಕ್ಷೆ ದೊಡ್ಡ ಆಸ್ತಿ. ಅದೇ ನಕ್ಷೆ ವರ್ಚುವಲ್ ಮ್ಯೂಸಿಯಂನಲ್ಲಿ ಎಲ್ಲರಿಗೂ ತೆರೆದುಕೊಂಡರೆ, ತಾಣದ ಜಾಡು ಹಿಡಿದು ಹೋಗುವವರಲ್ಲಿ ನಿಧಿಗಳ್ಳರೂ ಇರಬಹುದು.

ಆಸ್ಟ್ರೇಲಿಯಾದ ವಾರುಮುಂಗು ಜನರೊಂದಿಗೆ ಕೂತು ರೂಪಿಸಿದ ಮುಕುರ್ತು ತಂತ್ರಾಂಶ ಇದಕ್ಕೊಂದು ದಾರಿ ತೋರಿಸಿದೆ. ಯಾವ ಚಿತ್ರ ಎಲ್ಲರಿಗೆ, ಯಾವುದು ಮನೆತನಕ್ಕೆ, ಯಾವುದು ಹೆಂಗಸರಿಗೆ ಮಾತ್ರ ಎಂಬುದನ್ನು ಅಲ್ಲಿ ಸಮುದಾಯವೇ ಗೊತ್ತುಮಾಡುತ್ತದೆ.

ನಮ್ಮ ವಸ್ತುಸಂಗ್ರಹಾಲಯಗಳೂ ವಿಶ್ವವಿದ್ಯಾಲಯಗಳೂ ಇದನ್ನು ನಿಯಮವಾಗಿ ಒಪ್ಪಿಕೊಳ್ಳಬೇಕು. ಕ್ಯಾಮೆರಾ ತೆಗೆಯುವ ಮುನ್ನ ಆ ಸಮುದಾಯದವರನ್ನು ಕೂಡಿಸಿ ಒಪ್ಪಿಗೆ ಕೇಳಬೇಕು. ಹಾಡಿದವರ, ಹೇಳಿದವರ ಹೆಸರು ಅವರ ಇಚ್ಛೆಯಂತೆ ದಾಖಲಾಗಬೇಕು. ಬೇಡವೆಂದದ್ದನ್ನು ತೆಗೆದುಹಾಕಲು ಅವರಿಗೆ ಅಧಿಕಾರವಿರಬೇಕು, ಮಾಡಿದ ದಾಖಲೆಯ ಒಂದು ಪ್ರತಿ ಅವರ ಮಕ್ಕಳ ಕೈಗೆ ಸಿಗಬೇಕು. ಇಷ್ಟು ಮಾಡದ ಸಂಗ್ರಹ ಎಷ್ಟೇ ದೊಡ್ಡದಾದರೂ ಕಸಿದುಕೊಂಡ ಸೊತ್ತೇ.