ಮೊದಲ ಮೆಟ್ಟಿಲಲ್ಲೇ ನಿಂತುಹೋದ ಪಯಣ

ಕರ್ನಾಟಕದ ಗ್ರಾಮ ಪಂಚಾಯಿತಿಗಳಿಗೆ 2020ರ ಡಿಸೆಂಬರ್‌ನಲ್ಲಿ ಚುನಾವಣೆ ನಡೆದಾಗ 90 ಸಾವಿರಕ್ಕೂ ಹೆಚ್ಚು ಸದಸ್ಯ ಸ್ಥಾನಗಳಿದ್ದವು. ಅವುಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲಾಗಿದ್ದವು. ಎರಡೂವರೆ ವರ್ಷಗಳೊಳಗೆ, 2023ರ ಮೇ ತಿಂಗಳಲ್ಲಿ, ಇದೇ ರಾಜ್ಯದ ಮತದಾರರು 224 ಸದಸ್ಯರ ವಿಧಾನಸಭೆಯನ್ನು ಆರಿಸಿದಾಗ ಅಲ್ಲಿಗೆ ತಲುಪಿದ ಮಹಿಳೆಯರು ಹತ್ತೇ ಮಂದಿ. ಕೆಳಗೆ ಅರ್ಧ, ಮೇಲೆ ಶೇ 5ಕ್ಕಿಂತ ಕಡಿಮೆ. ನಡುವಿನ ದಾರಿಯಲ್ಲಿ ಈ ಸಹಸ್ರಾರು ಮಹಿಳೆಯರು ಎಲ್ಲಿ ಕಳೆದುಹೋಗುತ್ತಾರೆ?

ಈ ಪ್ರಶ್ನೆಯನ್ನು ಕೇಳಿಕೊಳ್ಳುವ ಹೊಣೆ ಕರ್ನಾಟಕಕ್ಕೆ ಉಳಿದವರಿಗಿಂತ ಹೆಚ್ಚು. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬರುವುದಕ್ಕೂ ಮೊದಲೇ, ರಾಮಕೃಷ್ಣ ಹೆಗಡೆ ಅವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ರೂಪಿಸಿದ ಕಾಯ್ದೆಯು ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳಲ್ಲಿ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟಿತ್ತು. 1987ರಲ್ಲಿ ಆ ಪ್ರಕಾರ ಚುನಾವಣೆಯೂ ನಡೆಯಿತು. ತಿದ್ದುಪಡಿಯ ನಂತರ ಈ ಪ್ರಮಾಣ ಮೂರನೇ ಒಂದಕ್ಕೆ, 2010ರಲ್ಲಿ ಅರ್ಧಕ್ಕೆ ಏರಿತು. ಬಾಗಿಲು ತೆರೆಯುವುದರಲ್ಲಿ ಮುಂದಿದ್ದ ರಾಜ್ಯ, ಒಳಗೆ ಬಂದವರಿಗೆ ಮೇಲೇರಲು ಮೆಟ್ಟಿಲು ಕಟ್ಟುವುದನ್ನು ಮರೆಯಿತು.

‘ಪಂಚಾಯಿತಿಯಲ್ಲಿ ಆಳುವವರು ಗಂಡಂದಿರೇ ಅಲ್ಲವೇ?’ ಎಂಬ ಆಕ್ಷೇಪ ಕೂಡಲೇ ಎದುರಾಗುತ್ತದೆ. ಅದು ಪೂರ್ತಿ ಸುಳ್ಳಲ್ಲ. ಹೆಂಡತಿಯ ಹೆಸರಿನಲ್ಲಿ ಅಧಿಕಾರ ನಡೆಸುವ ಗಂಡಂದಿರು ಅನೇಕ ಊರುಗಳಲ್ಲಿ ಇದ್ದಾರೆ. ಆದರೆ ಅದು ಪೂರ್ತಿ ನಿಜವೂ ಅಲ್ಲ. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯಿತಿಗಳ ಬಗ್ಗೆ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ದುಫ್ಲೊ 2004ರಲ್ಲಿ ಪ್ರಕಟಿಸಿದ ಅಧ್ಯಯನ, ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ಕಡೆ ಕುಡಿಯುವ ನೀರಿಗೆ ಹೆಚ್ಚು ಹಣ ವಿನಿಯೋಗವಾದುದನ್ನು ತೋರಿಸಿತು. ಕೊಡ ಹೊರುವವಳ ಕಷ್ಟ ಆಯವ್ಯಯದ ಅಂಕಿಗಳಲ್ಲಿ ಕಾಣಿಸಿಕೊಂಡಿತು ಎಂದರೆ, ಅವಳು ಬರಿಯ ಹೆಬ್ಬೆಟ್ಟಿನ ಗುರುತಾಗಿ ಉಳಿದಿರಲಿಲ್ಲ ಎಂದೇ ಅರ್ಥ.

ಹಾಗಾದರೆ ಅಡ್ಡಿ ಎಲ್ಲಿದೆ? ಮೊದಲನೆಯದು ಸರದಿಯ ನಿಯಮದಲ್ಲಿ. ಈ ಬಾರಿ ಮಹಿಳೆಗೆ ಮೀಸಲಾದ ಕ್ಷೇತ್ರ ಮುಂದಿನ ಬಾರಿ ಬೇರೆ ವರ್ಗಕ್ಕೆ ಹೋಗುತ್ತದೆ. ಗ್ರಾಮ ಪಂಚಾಯಿತಿ ಅಧ್ಯಕ್ಷಗಿರಿಯೂ 30 ತಿಂಗಳಿಗೆ ಕೈ ಬದಲಾಗುತ್ತದೆ. ಕಡತ ಓದುವುದನ್ನು, ಅಧಿಕಾರಿಯನ್ನು ಪ್ರಶ್ನಿಸುವುದನ್ನು ಕಲಿಯುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಆಕೆ ಮರಳಿ ಬರುವುದಿಲ್ಲವೆಂಬುದು ಆಕೆಗೂ ಗೊತ್ತು, ಆಕೆಯ ಪಕ್ಷಕ್ಕೂ ಗೊತ್ತು. ಬೆಂಗಳೂರು ಮಹಾನಗರ ಪಾಲಿಕೆಯ ಕಥೆಯೂ ಭಿನ್ನವಾಗಿರಲಿಲ್ಲ. 2015ರ ಚುನಾವಣೆಯಲ್ಲಿ 198 ವಾರ್ಡ್‌ಗಳ ಪೈಕಿ ಅರ್ಧದಷ್ಟು ಮಹಿಳೆಯರಿಗೆ ಮೀಸಲಾದವು. ಆದರೆ ಮೇಯರ್ ಪದವಿಯ ಅವಧಿ ಒಂದೇ ವರ್ಷ.

ಅವಕಾಶ ಒಮ್ಮೆ ಬೇರೂರಿದರೆ ಏನಾಗಬಹುದೆಂಬುದಕ್ಕೆ ಮುಂಬೈ ನಿದರ್ಶನ. 1997ರಲ್ಲಿ ಮಹಿಳೆಯರಿಗೆ ಮೀಸಲಾಗಿದ್ದು 2002ರಲ್ಲಿ ಮುಕ್ತವಾದ ವಾರ್ಡ್‌ಗಳನ್ನು, ಹಿಂದೆ ಮೀಸಲಾಗಿರದ ವಾರ್ಡ್‌ಗಳೊಂದಿಗೆ ರಿಖಿಲ್ ಭಾವನಾನಿ ಹೋಲಿಸಿ ನೋಡಿದರು. ಮೊದಲಿನವುಗಳಲ್ಲಿ ಮಹಿಳೆ ಗೆಲ್ಲುವ ಸಾಧ್ಯತೆ ಸುಮಾರು ಐದು ಪಟ್ಟು ಹೆಚ್ಚಿತ್ತು ಎಂದು ಅವರು 2009ರಲ್ಲಿ ವರದಿ ಮಾಡಿದರು. ಒಮ್ಮೆ ಮಹಿಳೆಯ ಆಡಳಿತ ಕಂಡ ಮತದಾರನಿಗೆ ಮತ್ತೆ ಆಕೆಯನ್ನು ಆರಿಸಲು ಅಳುಕಿಲ್ಲವೆಂದಾಯಿತು.

ಎರಡನೆಯ ಅಡ್ಡಿ ನಾವೇ ಕಿತ್ತುಹಾಕಿದ ಮೆಟ್ಟಿಲುಗಳು. ಗ್ರಾಮ ಪಂಚಾಯಿತಿಯಿಂದ ಶಾಸನಸಭೆಗೆ ಹೋಗುವ ಸಹಜ ಹಾದಿ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಮೂಲಕ ಸಾಗುತ್ತದೆ. 2023ರಲ್ಲಿ ಸುಳ್ಯದಿಂದ ಗೆದ್ದ ಭಾಗೀರಥಿ ಮುರುಳ್ಯ ಅವರು ಹಿಂದೆ ಜಿಲ್ಲಾ ಪಂಚಾಯಿತಿ ಸದಸ್ಯೆಯಾಗಿದ್ದವರೇ. ಆದರೆ 2016ರಲ್ಲಿ ಆಯ್ಕೆಯಾದ ಈ ಎರಡೂ ಹಂತದ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ, ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿಯ ತಕರಾರುಗಳ ನೆಪದಲ್ಲಿ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪಾಲಿಕೆ ಸಭೆಯ ಅವಧಿ ಮುಗಿದ ಬಳಿಕವೂ ಆದದ್ದು ಇದೇ: ಆಡಳಿತಾಧಿಕಾರಿಗಳ ದರ್ಬಾರು. ಚುನಾವಣೆ ಮುಂದೂಡಿದಾಗ ಪುರುಷ ನಾಯಕನಿಗೆ ಸಹಕಾರ ಸಂಘವಿದೆ, ಎಪಿಎಂಸಿ ಇದೆ, ಪಕ್ಷದ ಪದಾಧಿಕಾರವಿದೆ. ಮಹಿಳೆಗೆ ಹೆಚ್ಚಿನ ಸಂದರ್ಭಗಳಲ್ಲಿ ಇದ್ದುದು ಆ ಒಂದು ಮೀಸಲು ಸ್ಥಾನ ಮಾತ್ರ.

ಮೂರನೆಯದು ಪಕ್ಷಗಳ ಮನಸ್ಸು. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25ನ್ನು ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳೇ ಆರಿಸುತ್ತಾರೆ. ಅಲ್ಲಿನ ಮತದಾರರಲ್ಲಿ ಅರ್ಧದಷ್ಟು ಮಹಿಳೆಯರು. ಆದರೂ ಈ ಸ್ಥಾನಗಳಿಗೆ ಪಕ್ಷಗಳು ಪಂಚಾಯಿತಿಯ ಅನುಭವಿ ಮಹಿಳೆಯರನ್ನು ಹುಡುಕಿದ್ದು ಅಪರೂಪ. ಮತ ಹಾಕಲು ಆಕೆ ಬೇಕು, ಮತ ಕೇಳಲು ಬೇಡ!

ಸಂಸತ್ತು 2023ರಲ್ಲಿ ಅಂಗೀಕರಿಸಿದ 106ನೇ ತಿದ್ದುಪಡಿ ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೇ ಒಂದು ಸ್ಥಾನವನ್ನು ಮಹಿಳೆಯರಿಗೆ ನೀಡಿ, ಅದರ ಜಾರಿಯನ್ನು ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಗೆ ತಳಕು ಹಾಕಿತು. 224 ಸ್ಥಾನಗಳ ಸಭೆಯಲ್ಲಿ ಮೂರನೇ ಒಂದು ಎಂದರೆ ಸುಮಾರು 75. ಆ ದಿನ ಬಂದಾಗ ಅಭ್ಯರ್ಥಿಗಳು ಎಲ್ಲಿಂದ ಬರುತ್ತಾರೆ? ಮೆಟ್ಟಿಲುಗಳಿಲ್ಲದ ಕಡೆ ಲಿಫ್ಟ್ ಹತ್ತಿ ಬರುವವರು ನಾಯಕರ ಪತ್ನಿ, ಪುತ್ರಿ, ಸೊಸೆಯರೇ. ಆಗ ಮತ್ತೆ ‘ಮಹಿಳೆಯರಲ್ಲಿ ಅರ್ಹರು ಎಲ್ಲಿದ್ದಾರೆ’ ಎಂದು ಕೇಳುವವರು ಇಂದು ಮೆಟ್ಟಿಲು ಕಿತ್ತವರೇ ಆಗಿರುತ್ತಾರೆ.

ಮಾಡಬೇಕಾದುದು ಕಷ್ಟದ್ದೇನಲ್ಲ. ಕ್ಷೇತ್ರದ ಮೀಸಲಾತಿ ಸತತ ಎರಡು ಅವಧಿಗೆ ಇರಲಿ. ಜಿಲ್ಲಾ, ತಾಲ್ಲೂಕು ಮತ್ತು ನಗರ ಸಂಸ್ಥೆಗಳ ಚುನಾವಣೆಗಳು ಸಂವಿಧಾನ ಹೇಳುವ ಐದು ವರ್ಷಕ್ಕೆ ತಪ್ಪದೆ ನಡೆಯಲಿ. ಸದಸ್ಯೆಯ ಗೌರವಧನ ತಿಂಗಳಲ್ಲಿ ಕೆಲವೇ ದಿನಗಳ ಕೂಲಿಗೆ ಸಮನಾಗಿರುವುದು ತಪ್ಪಲಿ. ಪಕ್ಷಗಳು ಟಿಕೆಟ್ ಹಂಚುವ ಮುನ್ನ ತಮ್ಮದೇ ಜಿಲ್ಲೆಯ ಮಾಜಿ ಅಧ್ಯಕ್ಷೆಯರ ಪಟ್ಟಿಯನ್ನು ಒಮ್ಮೆಯಾದರೂ ತೆರೆದು ನೋಡಲಿ. 1987ರಿಂದ ಲೆಕ್ಕ ಹಾಕಿದರೆ ಆ ಪಟ್ಟಿ ತುಂಬ ಉದ್ದವಿದೆ.